ಗಾಳಿಯಿಲ್ಲದ ದಿನವೂ ಅಳಿವೆಯಲ್ಲಿ ಅಲೆ ಏಳುವುದೇಕೆ?

ಕರಾವಳಿಯ ದೋಣಿ ದುರಂತಗಳ ಸುದ್ದಿಗಳನ್ನು ಗಮನಿಸುತ್ತ ಬಂದವರಿಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಆಳದ ನೀರಿನಲ್ಲಿ ರಾತ್ರಿಯಿಡೀ ಬಲೆ ಹಾಕಿ ಸುರಕ್ಷಿತವಾಗಿಯೇ ಇದ್ದ ದೋಣಿ, ಬಂದರಿಗೆ ಮರಳುವಾಗ, ದಡ ಕಣ್ಣಳತೆಯಲ್ಲಿರುವ ಅಳಿವೆ ಬಾಗಿಲಿನಲ್ಲಿ ಮಗುಚುತ್ತದೆ. ಗಂಗೊಳ್ಳಿ, ಕೋಡಿಬೇಂಗ್ರೆ, ಹೆಜಮಾಡಿ, ಮಂಗಳೂರು ಮೊದಲಾಗಿ ನದಿ ಕಡಲನ್ನು ಸೇರುವ ಕಡೆಗಳಲ್ಲೆಲ್ಲ ಅನುಭವಿ ತಾಂಡೇಲರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು, ನಡುಗಡಲಿಗಿಂತ ಅಳಿವೆಗೇ ಹೆಚ್ಚು ಅಂಜುತ್ತಾರೆ. ಮಳೆಗಾಲದಲ್ಲಿ ಈ ಅಂಜಿಕೆಗೆ ಕಾರಣ ಹುಡುಕಬೇಕಾಗಿಲ್ಲ. ಆದರೆ ಆಕಾಶ ತಿಳಿಯಾಗಿ, ಗಾಳಿ ಬಿದ್ದುಹೋಗಿರುವ ಬೇಸಿಗೆಯ ಬೆಳಿಗ್ಗೆಯೂ ಅಲ್ಲಿ ಆಳೆತ್ತರದ ಅಲೆ ಒಡೆಯುವುದುಂಟು. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಲು ಭೂಮಧ್ಯರೇಖೆಯ ಆಚೆಗೆ ನೋಡಬೇಕು.

ಗಾಳಿ ಎಷ್ಟು ಬಲವಾಗಿ, ಎಷ್ಟು ಹೊತ್ತು, ಎಷ್ಟು ದೂರದ ನೀರಿನ ಮೇಲೆ ಬೀಸುತ್ತದೆ ಎಂಬುದರ ಮೇಲೆ ಅಲೆಯ ಗಾತ್ರ ನಿರ್ಧಾರವಾಗುತ್ತದೆ. ದಕ್ಷಿಣ ಗೋಳಾರ್ಧದ 40ರಿಂದ 60 ಡಿಗ್ರಿ ಅಕ್ಷಾಂಶಗಳ ನಡುವೆ ಗಾಳಿಯನ್ನು ತಡೆಯುವ ನೆಲ ಬಹಳ ಕಡಿಮೆ, ಆದ್ದರಿಂದ ಅಲ್ಲಿನ ಬಿರುಗಾಳಿಗಳು ಎಬ್ಬಿಸುವ ಅಲೆಗಳು ಭೂಮಿಯ ಮೇಲಿನ ಅತಿ ದೊಡ್ಡ ಅಲೆಗಳ ಸಾಲಿಗೆ ಸೇರುತ್ತವೆ. ಬಿರುಗಾಳಿ ಅಡಗಿದ ಮೇಲೂ ಆ ಅಲೆಗಳು ಅಡಗುವುದಿಲ್ಲ. ಗಿಡ್ಡ ಅಲೆಗಳು ದಾರಿಯಲ್ಲೇ ಸವೆದು, ಉದ್ದನೆಯವು ಮಾತ್ರ ಉಳಿದು, ಸಾವಿರಾರು ಕಿಲೋಮೀಟರ್ ಸಾಗುತ್ತವೆ. ಹೀಗೆ ದೂರದಿಂದ ಬರುವ ಅಲೆಗೆ ವಿಜ್ಞಾನಿಗಳು ಸ್ವೆಲ್ ಎನ್ನುತ್ತಾರೆ. 1963ರಲ್ಲಿ ಸಾಗರ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು ಪೆಸಿಫಿಕ್ ಸಾಗರದ ಉದ್ದಕ್ಕೂ ಅಳತೆ ಕೇಂದ್ರಗಳನ್ನು ಹೂಡಿ, ದಕ್ಷಿಣದ ಬಿರುಗಾಳಿಗಳ ಅಲೆಗಳನ್ನು ನ್ಯೂಜಿಲೆಂಡಿನಿಂದ ಅಲಾಸ್ಕಾದವರೆಗೆ ಬೆನ್ನಟ್ಟಿ ಇದನ್ನು ಖಚಿತಪಡಿಸಿದರು. ಅರಬ್ಬಿ ಸಮುದ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಒಂದು ಅಲೆಯ ತಲೆ ದಾಟಿದ ಮೇಲೆ ಮುಂದಿನದರ ತಲೆ ಬರಲು ಹಿಡಿಯುವ ಸಮಯವನ್ನು ಅಲೆಯ ಅವಧಿ ಎನ್ನೋಣ. 16 ಸೆಕೆಂಡ್ ಅವಧಿಯ ಅಲೆಗೆ ಆಳದ ನೀರಿನಲ್ಲಿ ಸುಮಾರು 400 ಮೀಟರ್ ಉದ್ದವಿರುತ್ತದೆ, ಮತ್ತು ಅದರ ಶಕ್ತಿ ಗಂಟೆಗೆ ಸುಮಾರು 45 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಹರಿಯುತ್ತದೆ. ಈ ಲೆಕ್ಕದಲ್ಲಿ ದಕ್ಷಿಣದ ಬಿರುಗಾಳಿ ವಲಯದಿಂದ ನಮ್ಮ ಕರಾವಳಿಗೆ ಹೆಚ್ಚುಕಡಿಮೆ ಆರು ದಿನಗಳ ಪಯಣ. 2024ರ ಏಪ್ರಿಲ್ ಕೊನೆಯಲ್ಲಿ ದಕ್ಷಿಣದಲ್ಲಿ ಎದ್ದ ಅಲೆಗಳು ಮೇ ಮೊದಲ ವಾರದಲ್ಲಿ ಕೇರಳ, ತಮಿಳುನಾಡುಗಳ ತೀರವನ್ನು ಬಡಿದದ್ದು ಹೀಗೆಯೇ. ಕನ್ಯಾಕುಮಾರಿ ಜಿಲ್ಲೆಯಲ್ಲಿ ಐವರು ಯುವ ವೈದ್ಯಕೀಯ ವಿದ್ಯಾರ್ಥಿಗಳು ಆಗ ಪ್ರಾಣ ಕಳೆದುಕೊಂಡರು.

ಆಳದ ನೀರಿನಲ್ಲಿ ಒಂದೂವರೆ ಮೀಟರ್ ಎತ್ತರದ ಇಂಥ ಅಲೆ ದೋಣಿಯ ಅಡಿಯಲ್ಲಿ ಮೆಲ್ಲಗೆ ಎದ್ದು ಇಳಿಯುತ್ತದೆ, ದೋಣಿಯಲ್ಲಿದ್ದವರಿಗೆ ಅದರ ಪರಿವೆಯೇ ಇರುವುದಿಲ್ಲ. ಆಳ ಕಡಿಮೆಯಾದಂತೆ ತಳದ ತಡೆ ಸಿಕ್ಕಿ ಅದರ ವೇಗ ಕುಗ್ಗುತ್ತದೆ. ಹಿಂದಿನಿಂದ ಬರುವ ಶಕ್ತಿಯಂತೂ ನಿಲ್ಲುವುದಿಲ್ಲ, ಹೀಗಾಗಿ ಅಲೆ ಉದ್ದದಲ್ಲಿ ಕುಗ್ಗಿ ಎತ್ತರದಲ್ಲಿ ಬೆಳೆಯುತ್ತದೆ. ಎತ್ತರವು ನೀರಿನ ಆಳದ ಮುಕ್ಕಾಲು ಪಾಲನ್ನು ಮುಟ್ಟುವ ಹೊತ್ತಿಗೆ ಅದು ಒಡೆಯುತ್ತದೆ. ಒಂದೂವರೆ ಮೀಟರಿನ, 16 ಸೆಕೆಂಡ್ ಅವಧಿಯ ಅಲೆ ಸುಮಾರು ಮೂರು ಮೀಟರ್ ಆಳದಲ್ಲಿ ಎರಡೂಕಾಲು ಮೀಟರ್ ಎತ್ತರವಾಗಿ ಒಡೆದರೆ, ಆಳದ ನೀರಿನಲ್ಲಿ ಒಂದೂವರೆ ಮೀಟರೇ ಎತ್ತರವಿದ್ದ, 6 ಸೆಕೆಂಡ್ ಅವಧಿಯ ಸ್ಥಳೀಯ ಅಲೆ ಅದೇ ಜಾಗವನ್ನು ಒಡೆಯದೆ ದಾಟಿ, ಎರಡು ಮೀಟರ್ ಆಳದವರೆಗೂ ಸಾಗಬಲ್ಲದು. ಮೂರು ಮೀಟರ್ ನೀರಿನಡಿಯಲ್ಲಿ ಮರಳು ದಿಬ್ಬವಿರುವ ಅಳಿವೆಯಲ್ಲಿ ದೋಣಿಯ ಪಾಲಿಗೆ ಇದು ಸಾವು ಬದುಕಿನ ವ್ಯತ್ಯಾಸ. ಹೀಗಿದ್ದೂ ಅಲೆಯ ಎತ್ತರದ ಬಗ್ಗೆ ಆಗುವಷ್ಟು ಮಾತು ಅದರ ಅವಧಿಯ ಬಗ್ಗೆ ಆಗುವುದಿಲ್ಲ ಎಂಬುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಇದರ ಮೇಲೆ ಇಳಿತದ ನೀರು ಸೇರುತ್ತದೆ. ಇಳಿತದ ಹೊತ್ತಿನಲ್ಲಿ ನದಿಯಿಂದ ಹೊರಗೆ ನುಗ್ಗುವ ಪ್ರವಾಹ, ಒಳಗೆ ಬರುವ ಅಲೆಗೆ ಎದುರಾಗಿ ಅದನ್ನು ಇನ್ನಷ್ಟು ಗಿಡ್ಡವೂ ಕಡಿದೂ ಆಗಿಸುತ್ತದೆ, ದಿಬ್ಬದ ಮೇಲಿನ ಆಳವೂ ಅದೇ ಹೊತ್ತಿಗೆ ತಗ್ಗುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದರೂ ನಾಡದೋಣಿಗಳು ಕಡಲಿಗಿಳಿಯುತ್ತವೆ, ಮತ್ತು ನೆರೆ ಬಂದ ನದಿಯ ಬಾಯಿಯನ್ನು ಅವು ಆಗಲೇ ದಾಟಬೇಕಾಗುತ್ತದೆ. ಮರಳುವ ದೋಣಿಗೆ ಅಲೆ ಹಿಂದಿನಿಂದ ಬರುವುದರಿಂದ ಅಪಾಯ ಹೆಚ್ಚು. ಹಿಂಬದಿ ಎತ್ತಲ್ಪಟ್ಟಾಗ ಚುಕ್ಕಾಣಿ ನೀರಿನ ಹಿಡಿತ ಕಳೆದುಕೊಳ್ಳುತ್ತದೆ, ಮೂತಿ ಮುಂದಿನ ತಗ್ಗಿಗೆ ಹೂತುಕೊಳ್ಳುತ್ತದೆ, ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆ ಅದನ್ನು ಉರುಳಿಸುತ್ತದೆ.

ಕಡಲಿನ ಮುನ್ಸೂಚನೆ ನೀಡುವ ಹೈದರಾಬಾದಿನ ಸರಕಾರಿ ಸಂಸ್ಥೆ ಇನ್‌ಕಾಯ್ಸ್ ಸ್ವೆಲ್ ಅಲೆಗಳ ಮುನ್ನೆಚ್ಚರಿಕೆಯನ್ನು ದಿನಗಳ ಮೊದಲೇ ಕೊಡುತ್ತದೆ. ಅದನ್ನು ಓದುವಾಗ ಒಂದು ಮಾತು ನೆನಪಿರಬೇಕು. ಮುನ್ಸೂಚನೆಯ ಎತ್ತರವೆಂಬುದು ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಎತ್ತರ. ಎರಡು ಮೀಟರ್ ಎಂದು ಬರೆದಿದ್ದ ದಿನ ಕೆಲವು ಗಂಟೆಗಳಲ್ಲಿ ಒಂದಾದರೂ ನಾಲ್ಕು ಮೀಟರಿನ ಹತ್ತಿರ ಬರುವುದು ಸಹಜ. ದೊಡ್ಡ ಅಲೆಗಳು ಗುಂಪಾಗಿ ಬರುವುದರಿಂದ, ಅಳಿವೆಯ ಹೊರಗೆ ಆಳದಲ್ಲಿ ನಿಂತು ಹಲವು ಗುಂಪುಗಳನ್ನು ನೋಡುವುದು, ಸಂದೇಹವಿದ್ದರೆ ಉಬ್ಬರದವರೆಗೆ ಕಾಯುವುದು, ದಾಟುವ ಮೊದಲು ಎಲ್ಲರೂ ಜೀವರಕ್ಷಕ ಕವಚ ಧರಿಸಿರುವುದು ಅಗತ್ಯ. ಮೀನಿಗೆ ಹಾಕಿದ ಮಂಜುಗಡ್ಡೆ ಕರಗುತ್ತಿರುವಾಗ, ಹರಾಜಿನ ಹೊತ್ತು ಮೀರುತ್ತಿರುವಾಗ ಕಾಯುವುದು ಎಷ್ಟು ಕಷ್ಟವೆಂದು ಮೀನುಗಾರರಿಗೆ ಹೇಳಬೇಕಿಲ್ಲ. ಅಪಾಯ ಎದುರಾದರೆ ದೋಣಿಯ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ ಮತ್ತು ಕರಾವಳಿ ಕಾವಲು ಪಡೆಯ 1554 ಸಂಖ್ಯೆ ಇವೆ.

ಆದರೆ ಕಾಯುವ ತೀರ್ಮಾನ ತಾಂಡೇಲರೊಬ್ಬರ ಹೆಗಲ ಮೇಲಷ್ಟೇ ಬೀಳಬಾರದು. ಪ್ರತಿ ಅಳಿವೆಗೂ ಆ ದಿನದ ಅಲೆಯ ಅವಧಿ, ಇಳಿತದ ಹೊತ್ತು, ದಿಬ್ಬದ ಮೇಲಿನ ಆಳ ಈ ಮೂರನ್ನೂ ಒಟ್ಟಿಗೆ ತಿಳಿಸುವ ಸೂಚನೆ ಬೇಕು. ಮೊದಲೆರಡನ್ನು ಮುಂಚಿತವಾಗಿ ಲೆಕ್ಕಹಾಕುವ ವಿದ್ಯೆ ನಮ್ಮಲ್ಲಿದೆ. ಮೂರನೆಯದಕ್ಕೆ ಒಂದು ದೋಣಿ, ಶಬ್ದದಿಂದ ಆಳ ಅಳೆಯುವ ಒಂದು ಎಕೋ ಸೌಂಡರ್ ಸಾಕು. ಮರಳು ಸರಿಯುತ್ತಲೇ ಇರುವುದರಿಂದ ವರ್ಷಕ್ಕೊಮ್ಮೆ ಅಳೆದರೆ ಮಾತ್ರ ಸಾಲದು.