ಕ್ರಿಪ್ಟೋ ಎಟಿಎಂ ಮತ್ತು ಹಿತ್ತಾಳೆಯ ಬಿಟ್‌ಕಾಯಿನ್: ಕೀ ಮೊದಲು ಯಾರು ನೋಡಿದ್ದು?

ಶಿವಮೊಗ್ಗದಲ್ಲಿ ನಮ್ಮ ಜೊತೆ ಓದುತ್ತಿರುವ ಗೆಳೆಯರಿಗಾಗಿ ಬರೆದ ಟಿಪ್ಪಣಿ ಇದು. ಎರಡು ವಿಷಯ ಒಟ್ಟಿಗೆ ತಗೊಂಡಿದ್ದೇನೆ. ಒಂದು, ನೋಟು ಹಾಕಿ ಬಿಟ್‌ಕಾಯಿನ್ ಕೊಳ್ಳುವ ಯಂತ್ರ. ಇನ್ನೊಂದು, ಕೈಯಲ್ಲಿ ಹಿಡಿದು ನೋಡಬಹುದಾದ ಲೋಹದ ಬಿಟ್‌ಕಾಯಿನ್ ನಾಣ್ಯ. ಇವೆರಡಕ್ಕೂ ಎಂತ ಸಂಬಂಧ ಅಂತ ಕೇಳಬಹುದು. ಎರಡರ ಮುಂದೆಯೂ ಕೇಳಬೇಕಾದ ಪ್ರಶ್ನೆ ಒಂದೇ: ಪ್ರೈವೇಟ್ ಕೀ, ಅಂದರೆ ಬಿಟ್‌ಕಾಯಿನ್ ದಾಟಿಸಲು ಬೇಕಾದ ಗುಟ್ಟಿನ ಸಂಖ್ಯೆ, ಯಾರ ಕೈಲಿದೆ, ನಿಮಗಿಂತ ಮೊದಲು ಅದನ್ನು ಯಾರು ನೋಡಿದ್ದಾರೆ?

ಬಿಟ್‌ಕಾಯಿನ್ ಫೋನಿನ ಒಳಗೆ ಇರುವುದಿಲ್ಲ, ಯಂತ್ರದ ಒಳಗೂ ಇರುವುದಿಲ್ಲ. ಅದು ಒಂದು ಲೆಕ್ಕದ ಪುಸ್ತಕದಲ್ಲಿರುವ ಜಮೆ, ಅಷ್ಟೆ. ಅಡಿಕೆ ಮಂಡಿಯ ಖಾತೆಯಲ್ಲಿ ನಿಮ್ಮ ಹೆಸರಿಗೆ ಜಮೆ ಇರುತ್ತದಲ್ಲ, ಹಾಗೆ. ಆದರೆ ಇಲ್ಲಿ ಪುಸ್ತಕದ ನಕಲು ಸಾವಿರಾರು ಕಂಪ್ಯೂಟರ್‌ಗಳಲ್ಲಿದೆ, ಹೆಸರಿನ ಜಾಗದಲ್ಲಿ ಅಡ್ರೆಸ್ ಇದೆ, ಮಂಡಿ ಸಾಹುಕಾರರಿಗೆ ನಿಮ್ಮ ಮುಖದ ಗುರುತು ಇರುವ ಜಾಗದಲ್ಲಿ ಪ್ರೈವೇಟ್ ಕೀ ಇದೆ. ಕೀ ಗೊತ್ತಿದ್ದವರು ಜಮೆಯನ್ನು ಬೇರೆ ಅಡ್ರೆಸ್‌ಗೆ ದಾಟಿಸಬಹುದು. ಅವರು ಮಾಲೀಕರೋ ಕಳ್ಳರೋ ಅಂತ ಪುಸ್ತಕ ಕೇಳುವುದಿಲ್ಲ.

ಯಂತ್ರ ಏನು ಮಾಡುತ್ತದೆ

ಜನರ ಬಳಕೆಗೆ ಇಟ್ಟ ಮೊದಲ ಬಿಟ್‌ಕಾಯಿನ್ ಎಟಿಎಂಗಳ ಮಾತು ಬಂದರೆ ಎಲ್ಲರೂ ಹೇಳುವುದು ಕೆನಡಾದ ವ್ಯಾಂಕೂವರ್‌ನ ಕಾಫಿ ಅಂಗಡಿಯ ಹೆಸರನ್ನು. 2013ರ ಅಕ್ಟೋಬರ್ 29ರಂದು ಅಲ್ಲಿ ರೋಬೋಕಾಯಿನ್ ಅನ್ನುವ ಕಂಪನಿಯ ಯಂತ್ರ ಶುರುವಾಯಿತು. ಈಗ ಜಗತ್ತಿನಲ್ಲಿ ಇಂಥವು 30,000ಕ್ಕೂ ಜಾಸ್ತಿ ಇವೆ, ಬಹುಪಾಲು ಅಮೆರಿಕದಲ್ಲಿ, ಪೆಟ್ರೋಲ್ ಬಂಕ್ ಮತ್ತು ದಿನಸಿ ಅಂಗಡಿಗಳ ಮೂಲೆಯಲ್ಲಿ. ಕೆಲವು ನೋಟು ತಗೊಳ್ಳುತ್ತವೆ ಮಾತ್ರ. ಕೆಲವು ತಗೊಂಡು ಕೊಡಲೂ ಬಲ್ಲವು.

ಕೊಳ್ಳುವ ಕ್ರಮ ಹೀಗೆ. ಫೋನ್ ನಂಬರ್ ಕೊಡಬೇಕು, ಓಟಿಪಿ ಬರುತ್ತದೆ, ಮೊತ್ತ ದೊಡ್ಡದಾದರೆ ಗುರುತಿನ ಚೀಟಿ ಸ್ಕ್ಯಾನ್ ಮಾಡಬೇಕು. ಆಮೇಲೆ ನಿಮ್ಮ ವಾಲೆಟ್‌ನ (ಕೀ ಇಟ್ಟುಕೊಳ್ಳುವ ಆ್ಯಪ್), ಅಂದರೆ ನಿಮ್ಮ ಅಡ್ರೆಸ್‌ನ, ಕ್ಯೂಆರ್ ಕೋಡನ್ನು ಯಂತ್ರದ ಕ್ಯಾಮೆರಾಗೆ ತೋರಿಸಬೇಕು. ನೋಟು ಹಾಕಿದ ಹಾಗೆ ಒಂದೊಂದನ್ನೂ ಪರೀಕ್ಷಿಸಿ ಒಳಗೆ ಎಳೆದುಕೊಳ್ಳುತ್ತದೆ. ಕೊನೆಗೆ ಒಪ್ಪಿಗೆಯ ಬಟನ್ ಒತ್ತಿದರೆ ಯಂತ್ರದ ಮಾಲೀಕರ ಸರ್ವರಿಗೆ ಸುದ್ದಿ ಹೋಗಿ, ಅವರ ವಾಲೆಟ್‌ನಿಂದ ನಿಮ್ಮ ಅಡ್ರೆಸ್‌ಗೆ ಬಿಟ್‌ಕಾಯಿನ್ ಹೊರಡುತ್ತದೆ. ಪುಸ್ತಕಕ್ಕೆ ಹೊಸ ಪುಟ ಸೇರುವುದು ಸರಾಸರಿ 10 ನಿಮಿಷಕ್ಕೊಮ್ಮೆ, ಹಾಗಾಗಿ ತಕ್ಷಣ ಖಚಿತವಾಗಲಿಲ್ಲ ಅಂತ ಗಾಬರಿ ಬೇಡ. ಮಾರುವುದು ಇದರ ತಿರುಗುಮುರುಗು: ಯಂತ್ರ ಒಂದು ಅಡ್ರೆಸ್ ತೋರಿಸುತ್ತದೆ, ನೀವು ಕಳಿಸುತ್ತೀರಿ, ಖಚಿತವಾದ ಮೇಲೆ ನೋಟು ಬರುತ್ತದೆ.

ದರದ ಲೆಕ್ಕ ಮಾತ್ರ ಕೂತು ಬಿಡಿಸಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಉದಾಹರಣೆಗೆ ಮಾರುಕಟ್ಟೆಯಲ್ಲಿ ಒಂದು ಬಿಟ್‌ಕಾಯಿನ್‌ಗೆ 50,000 ಡಾಲರ್ ಅಂತಿಟ್ಟುಕೊಳ್ಳಿ. ಯಂತ್ರದ ದರ ಶೇ. 15 ಜಾಸ್ತಿ, ಅಂದರೆ 57,500. ಮೇಲೆ 3 ಡಾಲರ್ ಶುಲ್ಕ. ನೀವು 200 ಡಾಲರ್ ಹಾಕಿದಿರಿ. 3 ಕಳೆದು ಉಳಿದದ್ದು 197. ಅದನ್ನು 57,500ರಿಂದ ಭಾಗಿಸಿದರೆ ಸಿಗುವುದು 0.003426 ಬಿಟ್‌ಕಾಯಿನ್. ಮಾರುಕಟ್ಟೆ ದರದಲ್ಲಿ ಅದರ ಬೆಲೆ 171 ಡಾಲರ್ ಚಿಲ್ಲರೆ. ಸುಮಾರು 29 ಡಾಲರ್ ಹೋಯಿತು. ರಸೀದಿಯಲ್ಲಿ ಕಾಣುವುದು ಮಾತ್ರ ‘ಶುಲ್ಕ 3 ಡಾಲರ್’ ಅಂತ! ಉಳಿದದ್ದೆಲ್ಲ ದರದೊಳಗೆ ಅಡಗಿದೆ. ಶೇ. 10ರಿಂದ 20ರವರೆಗೆ ಹೀಗೆ ಹಿಡಿಯುವುದು ಈ ಧಂದೆಯಲ್ಲಿ ಮಾಮೂಲು.

ಈಗ ಕೀ ವಿಷಯ. ವಾಲೆಟ್ ಇಲ್ಲದವರಿಗೆ ಕೆಲವು ಯಂತ್ರಗಳು ಕಾಗದದ ಮೇಲೆ ಹೊಸ ಅಡ್ರೆಸ್ ಮತ್ತು ಕೀ ಎರಡನ್ನೂ ಪ್ರಿಂಟ್ ಮಾಡಿ ಕೊಡುತ್ತಿದ್ದವು. ಅನುಕೂಲವೇನೋ ಹೌದು, ಆದರೆ ಆ ಕೀ ಹುಟ್ಟಿದ್ದು ಬೇರೆಯವರ ಯಂತ್ರದಲ್ಲಿ. ಅದನ್ನು ಉಳಿಸಿಕೊಂಡಿಲ್ಲ ಅಂತ ಮಾಲೀಕರು ಹೇಳಿದ ಮಾತೇ ನಿಮಗಿರುವ ಗ್ಯಾರಂಟಿ. ಇನ್ನು ಯಂತ್ರದ ಮಾಲೀಕರೇ ಕೆಟ್ಟವರಾಗಿರಬೇಕು ಅಂತೇನಿಲ್ಲ. 2021ರಲ್ಲಿ ಕ್ರಾಕನ್ ಅನ್ನುವ ಕ್ರಿಪ್ಟೋ ವಿನಿಮಯ ಕಂಪನಿಯ ಭದ್ರತಾ ತಂಡ, ಈ ಯಂತ್ರ ತಯಾರಿಸುವ ಜನರಲ್ ಬೈಟ್ಸ್ ಕಂಪನಿಯ ಒಂದು ಮಾದರಿಯನ್ನು ಪರೀಕ್ಷಿಸಿದಾಗ, ಬಹಳಷ್ಟು ಯಂತ್ರಗಳಲ್ಲಿ ಆಡಳಿತದ (ಯಂತ್ರವನ್ನು ನಿಯಂತ್ರಿಸುವ) ಕ್ಯೂಆರ್ ಕೋಡ್ ಒಂದೇ ಇರುವುದು, ಮಾಲೀಕರು ಬದಲಾಯಿಸದೆ ಬಿಟ್ಟಿರುವುದು ಬಯಲಾಯಿತು. 2023ರ ಮಾರ್ಚ್‌ನಲ್ಲಿ ಅದೇ ಕಂಪನಿಯ ಸರ್ವರ್‌ನ ಒಂದು ದೋಷದ ಮೂಲಕ ಕಳ್ಳರು ನುಗ್ಗಿ, ಯಂತ್ರ ನಡೆಸುವವರ ವಾಲೆಟ್‌ಗಳಿಂದ 50ಕ್ಕೂ ಜಾಸ್ತಿ ಬಿಟ್‌ಕಾಯಿನ್ ಸಾಗಿಸಿದರು.

ನಮ್ಮ ದೇಶದಲ್ಲಿ ಇದರ ಕಥೆ ಚಿಕ್ಕದು. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಕ್ರಿಪ್ಟೋ ಕಂಪನಿಗಳಿಗೆ ಸೇವೆ ಕೊಡಬೇಡಿ ಅಂತ ಬ್ಯಾಂಕ್‌ಗಳಿಗೆ ಹೇಳಿತು. ಬ್ಯಾಂಕ್ ದಾರಿ ಮುಚ್ಚಿದ ಮೇಲೆ ನಗದು ದಾರಿ ಹುಡುಕಿದ ಯುನೋಕಾಯಿನ್ ಅನ್ನುವ ಕ್ರಿಪ್ಟೋ ಕಂಪನಿ ಅದೇ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಒಂದು ಯಂತ್ರ ಇಟ್ಟಿತು. ಕೆಲವೇ ದಿನಕ್ಕೆ ಪೊಲೀಸರು ಅದನ್ನು ವಶಕ್ಕೆ ತೆಗೆದುಕೊಂಡರು. ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು. ಇವತ್ತು ಕ್ರಿಪ್ಟೋ ಲಾಭಕ್ಕೆ ಶೇ. 30 ತೆರಿಗೆ 2022ರ ಏಪ್ರಿಲ್‌ನಿಂದ, ವ್ಯವಹಾರದ ಮೊತ್ತಕ್ಕೆ ಶೇ. 1 ಟಿಡಿಎಸ್ ಅದೇ ವರ್ಷದ ಜುಲೈನಿಂದ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ.

ಬೆಂಗಳೂರಿನ ಆ ಯಂತ್ರವೇ ಉಳಿಯಲಿಲ್ಲ, ಹಾಗಾಗಿ ಇಲ್ಲಿ ಯಾರಾದರೂ ‘ಬಿಟ್‌ಕಾಯಿನ್ ಎಟಿಎಂ’ ಹೆಸರು ಹೇಳಿ ದುಡ್ಡು ಕೇಳಿದರೆ ಫೋನ್ ಇಡಿ, ಸುಮ್ನೆ ಮಾತು ಬೆಳೆಸಬೇಡಿ. ಅಮೆರಿಕದಲ್ಲಿ ಈ ಯಂತ್ರಗಳ ಮೂಲಕ ಆದ ಮೋಸಕ್ಕೆ 2023ರಲ್ಲಿ ಜನ ಕಳೆದುಕೊಂಡದ್ದು 11 ಕೋಟಿ ಡಾಲರ್‌ಗೂ ಜಾಸ್ತಿ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಲೆಕ್ಕ. ಸಿಕ್ಕಿಬೀಳುವವರಲ್ಲಿ 60 ದಾಟಿದವರೇ ಜಾಸ್ತಿ. ಮೋಸದ ರೀತಿ ಸರಳ: ನಿಮ್ಮ ಖಾತೆ ಅಪಾಯದಲ್ಲಿದೆ ಅಂತ ಹೆದರಿಸಿ, ಬ್ಯಾಂಕಿನಿಂದ ನಗದು ತೆಗೆಸಿ, ಫೋನಿಗೆ ಒಂದು ಕ್ಯೂಆರ್ ಕಳಿಸಿ ‘ಇದನ್ನು ಯಂತ್ರಕ್ಕೆ ತೋರಿಸಿ’ ಅನ್ನುವುದು. ಆ ಕ್ಯೂಆರ್ ಕಳ್ಳರ ಅಡ್ರೆಸ್. ನೋಟು ನಿಮ್ಮದು, ಕೀ ಅವರದು. ನಮ್ಮಲ್ಲಿ ‘ಡಿಜಿಟಲ್ ಅರೆಸ್ಟ್’ ಅಂತ ನಡೆಯುವುದೂ ಇದೇ ಜಾತಿ, ಯಂತ್ರ ಒಂದು ಇಲ್ಲ ಅಷ್ಟೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಲೋಹದ ನಾಣ್ಯ

ಇದು ನನಗೆ ಜಾಸ್ತಿ ಇಷ್ಟದ ಭಾಗ. ಅಮೆರಿಕದ ಯೂಟಾ ರಾಜ್ಯದ ಮೈಕ್ ಕಾಲ್ಡ್‌ವೆಲ್ 2011ರಲ್ಲಿ ಕಸಾಸಿಯಸ್ ಅನ್ನುವ ಹೆಸರಿನಲ್ಲಿ ಹಿತ್ತಾಳೆಯ ನಾಣ್ಯ ಮಾಡಿ ಮಾರತೊಡಗಿದರು. ನಮ್ಮ 10 ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಹಿಂಬದಿಯಲ್ಲಿ ಒಂದು ದುಂಡನೆಯ ಹೊಲೊಗ್ರಾಮ್ ಅಂಟಿಸಿರುತ್ತದೆ. ಅದರ ಕೆಳಗೆ ಕೀ ಬರೆದ ಪುಟ್ಟ ಕಾಗದ. ಹೊಲೊಗ್ರಾಮ್ ಮೇಲೆ ಕಾಣುವ ಎಂಟು ಅಕ್ಷರ ಆ ನಾಣ್ಯದ ಅಡ್ರೆಸ್‌ನ ಮೊದಲ ಭಾಗ. ಅದನ್ನು ಹಿಡಿದು ಪೂರ್ತಿ ಅಡ್ರೆಸ್ ಹುಡುಕಿದರೆ ಜಮೆ ಇನ್ನೂ ಇದೆಯಾ ಅಂತ ಯಾರು ಬೇಕಾದರೂ ನೋಡಬಹುದು. ಕೀ ಬೇಕಾದರೆ ಹೊಲೊಗ್ರಾಮ್ ಕೀಳಬೇಕು, ಕಿತ್ತರೆ ಜೇನುಗೂಡಿನ ಥರದ ಗುರುತು ಉಳಿಯುತ್ತದೆ. ಮೊದಲ ಸರಣಿಯ ಹೊಲೊಗ್ರಾಮ್‌ನಲ್ಲಿ ಹೆಸರಿನ ಒಂದು ಎಸ್ ಅಕ್ಷರ ಬಿಟ್ಟುಹೋಗಿತ್ತು. ಸಂಗ್ರಹ ಮಾಡುವವರು ಆ ತಪ್ಪಿಗೇ ಜಾಸ್ತಿ ಬೆಲೆ ಕೊಡುತ್ತಾರೆ.

ಕಾಗದ ಚಿಕ್ಕದಾದ್ದರಿಂದ ಕಾಲ್ಡ್‌ವೆಲ್ ಮಿನಿ ಕೀ ಅಂತ ಒಂದು ಉಪಾಯ ಬಳಸಿದರು. ದೊಡ್ಡ ಎಸ್‌ನಿಂದ ಶುರುವಾಗುವ ಅಕ್ಷರಗಳ ಸಾಲು, ಮೊದಲು 22 ಅಕ್ಷರ, ಆಮೇಲಿನವುಗಳಲ್ಲಿ 30. ಓದುವಾಗ ಗೊಂದಲ ಆಗದ ಹಾಗೆ ಸೊನ್ನೆ, ದೊಡ್ಡ ಓ, ದೊಡ್ಡ ಐ, ಸಣ್ಣ ಎಲ್ ಇವು ನಾಲ್ಕನ್ನೂ ಕೈಬಿಟ್ಟಿರುತ್ತಾರೆ. ಈ ಸಾಲನ್ನು ಶಾ-256 ಅನ್ನುವ ಲೆಕ್ಕಕ್ಕೆ ಹಾಕಿದರೆ ನಿಜವಾದ ಪ್ರೈವೇಟ್ ಕೀ ಬರುತ್ತದೆ. ನನಗೆ ಹಿಡಿಸಿದ್ದು ತಪ್ಪು ಹಿಡಿಯುವ ಕ್ರಮ: ಸಾಲಿನ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿ ಅದೇ ಲೆಕ್ಕ ಮಾಡಿದರೆ ಉತ್ತರ (ಒಂದೊಂದು ಜಾಗದಲ್ಲಿ 16 ಗುರುತುಗಳಲ್ಲಿ ಒಂದು ಬರುವ ಹೆಕ್ಸ್ ರೂಪದಲ್ಲಿ) 00 ಇಂದ ಶುರುವಾಗಬೇಕು. 256ರಲ್ಲಿ ಒಂದು ಸಾಲಿಗೆ ಮಾತ್ರ ಹಾಗಾಗುತ್ತದೆ, ಹಾಗಾಗಿ ನೀವು ಒಂದು ಅಕ್ಷರ ತಪ್ಪು ಬರೆದುಕೊಂಡಿದ್ದರೆ ಹೆಚ್ಚಿನ ಸಲ ಅಲ್ಲೇ ಗೊತ್ತಾಗಿಬಿಡುತ್ತದೆ.

2013ರ ನವೆಂಬರ್‌ನಲ್ಲಿ ಅಮೆರಿಕದ ಹಣಕಾಸು ಇಲಾಖೆಯ ಫಿನ್‌ಸೆನ್ ಅನ್ನುವ ವಿಭಾಗ ಕಾಲ್ಡ್‌ವೆಲ್ ಅವರಿಗೆ ಪತ್ರ ಬರೆಯಿತು. ಒಳಗೆ ಬಿಟ್‌ಕಾಯಿನ್ ತುಂಬಿ ಮಾರುವುದು ಹಣ ರವಾನಿಸುವ ವ್ಯವಹಾರ, ಅದಕ್ಕೆ ನೋಂದಣಿ ಬೇಕು ಅನ್ನುವುದು ಅದರ ವಾದ. ತುಂಬಿದ ನಾಣ್ಯ ಅಲ್ಲಿಗೆ ನಿಂತಿತು. ಆದರೆ ನಿಂತ ಮೇಲೆಯೇ ಬೇಡಿಕೆ ಏರಿದ್ದು. ಪ್ರತಿ ಸಲ ಯಾರೋ ಹೊಲೊಗ್ರಾಮ್ ಕಿತ್ತಾಗಲೂ ಉಳಿದವುಗಳ ಸಂಖ್ಯೆ ಒಂದು ಕಡಿಮೆ ಆಗುತ್ತದಲ್ಲ.

ಫೋನಿನಲ್ಲಿ ಈ ನಾಣ್ಯದ ಫೋಟೋ ತೋರಿಸಿಕೊಂಡು ನಾವು ಗಾಂಧಿ ಬಜಾರ್ ಹತ್ತಿರ ಒಬ್ಬ ಅಕ್ಕಸಾಲಿಗರ ಅಂಗಡಿಗೆ ಹೋಗಿದ್ದೆವು. ‘ಆಚಾರ್ರೇ, ಇಂಥದ್ದೊಂದು ಮಾಡಲಿಕ್ಕೆ ಆಗುತ್ತದಾ?’ ಅಂದರೆ ಅವರು ಕನ್ನಡಕ ಸರಿಮಾಡಿಕೊಂಡು ಹೊಲೊಗ್ರಾಮನ್ನೇ ನೋಡಿದರು. ‘ಸೀಲು ಇದ್ದರೆ ಎಂತ ಆಯ್ತು ಮಾರಾಯ? ಸೀಲು ಹಾಕಿದವ ಒಳಗಿನದ್ದು ನೋಡೇ ಹಾಕಿರ್ತಾನಲ್ಲ.’ ನಾವು ಎಷ್ಟೋ ಪುಟ ಓದಿ ತಿಳಿದುಕೊಂಡದ್ದನ್ನು ಅವರು ನಿಂತಲ್ಲೇ ಹೇಳಿಬಿಟ್ಟರು. ಕಾಲ್ಡ್‌ವೆಲ್ ಕೀಗಳ ನಕಲು ಇಟ್ಟುಕೊಳ್ಳಲಿಲ್ಲ ಅಂತ ಜನ ನಂಬಿದರು, ಅಷ್ಟೆ. ಇನ್ನು ಸೀಲನ್ನು ಸಿರಿಂಜ್‌ನಲ್ಲಿ ದ್ರಾವಕ ಬಿಟ್ಟು ಎಬ್ಬಿಸಿ ಮತ್ತೆ ಕೂರಿಸುವುದನ್ನು ಡೆಫ್‌ಕಾನ್ ಅನ್ನುವ ಹ್ಯಾಕರ್‌ಗಳ ಸಮಾವೇಶದಲ್ಲಿ ಮಾಡಿ ತೋರಿಸಿದವರೂ ಇದ್ದಾರೆ.

ಹಳೆಯ ನಾಣ್ಯಕ್ಕೆ ಈ ತಲೆನೋವು ಇರಲಿಲ್ಲ. ಕೆಳದಿ ಅರಸರ ಇಕ್ಕೇರಿ ವರಹದಲ್ಲಿ ಬೆಲೆ ಇದ್ದದ್ದು ಚಿನ್ನದಲ್ಲೇ, ತೂಗಿ ಉಜ್ಜಿ ನೋಡಿದರೆ ಮುಗಿಯಿತು. ಆದರೂ ಜನರಿಗೆ ಗುರುತು ಬೇಕು. 1763ರಲ್ಲಿ ಬಿದನೂರು ಗೆದ್ದ ಹೈದರ್ ಅಲಿ ತನ್ನ ವರಹದಲ್ಲೂ ಇಕ್ಕೇರಿ ವರಹದ ಶಿವ ಪಾರ್ವತಿಯರನ್ನೇ ಉಳಿಸಿಕೊಂಡ, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಹಾಕಿಸಿದ. ಮುಖ ನೋಡಿ ನಂಬುವ ಜನರ ರೂಢಿ ಅವನಿಗೆ ಚೆನ್ನಾಗಿ ಗೊತ್ತಿತ್ತು ಅಂತ ಕಾಣುತ್ತದೆ.

ಸೀಲಿನ ತೊಂದರೆಗೆ ಕಾಲ್ಡ್‌ವೆಲ್ ಅವರೇ ಸೇರಿ ಬರೆದ ಬಿಪ್-38 ಅನ್ನುವ ಕ್ರಮದಲ್ಲಿ ಒಳ್ಳೆಯ ಪರಿಹಾರ ಇದೆ. ಕೊಳ್ಳುವವರು ಮೊದಲು ತಮ್ಮ ಗುಟ್ಟಿನ ಪದದಿಂದ ಒಂದು ಕೋಡ್ ಮಾಡಿ ನಾಣ್ಯ ಮಾಡುವವರಿಗೆ ಕಳಿಸುತ್ತಾರೆ. ಅವರು ಆ ಕೋಡ್ ಬಳಸಿ ಅಡ್ರೆಸ್ ಮತ್ತು ಬೀಗ ಹಾಕಿದ ಕೀ ತಯಾರಿಸಿ ನಾಣ್ಯದಲ್ಲಿ ಇಡುತ್ತಾರೆ. ಗುಟ್ಟಿನ ಪದ ಅವರಿಗೆ ಗೊತ್ತಿಲ್ಲದ ಕಾರಣ ಕೀ ಅವರ ಕೈಯಿಂದಲೇ ಹೋಗಿದ್ದರೂ ತೆರೆಯಲಾಗುವುದಿಲ್ಲ. ತೊಂದರೆ ಒಂದೇ, ನೀವು ಪದ ಮರೆತರೆ ನಾಣ್ಯ ಬರೀ ಹಿತ್ತಾಳೆ.

ನಾವೇ ಮಾಡಿ ನೋಡುವುದಾದರೆ

ಟಂಕಸಾಲೆಯಲ್ಲಿ ನಾಣ್ಯ ಎರಕ ಹೊಯ್ಯುವುದಿಲ್ಲ, ಒತ್ತುತ್ತಾರೆ. ತಗಡಿನಿಂದ ಬಿಲ್ಲೆ ಕತ್ತರಿಸಿ, ಕಾಯಿಸಿ ಮೆತ್ತಗೆ ಮಾಡಿ, ಅಂಚು ಎತ್ತರಿಸಿ, ಎರಡು ಗಟ್ಟಿ ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಪ್ರೆಸ್ ಇಳಿಸುತ್ತಾರೆ. ಅಚ್ಚಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರಬೇಕು. ಆಚಾರ್ರು ಕಾಸಿನ ಸರದ ಕಾಸು ಮಾಡುವುದು ಇದರ ಸಣ್ಣ ರೂಪ: ತೆಳು ತಗಡನ್ನು ಲಕ್ಷ್ಮಿಯ ಅಚ್ಚಿನ ಮೇಲಿಟ್ಟು, ಮೇಲೆ ಸೀಸದ ತುಂಡು ಇಟ್ಟು, ಸುತ್ತಿಗೆಯಿಂದ ನೇರ ಏಟು. ಸೀಸ ಮೆತ್ತಗಿರುವುದರಿಂದ ತಗಡನ್ನು ಅಚ್ಚಿನ ಸಂದುಗಳಿಗೆಲ್ಲ ತುರುಕುತ್ತದೆ, ಹರಿಯುವುದಿಲ್ಲ. ಹೀಗೆ ಮಾಡಿದ ಕಾಸಿನ ಹಿಂಬದಿ ಟೊಳ್ಳಾಗಿರುತ್ತದೆ. ಆಭರಣಕ್ಕೆ ಅದು ಕೊರತೆ ಇರಬಹುದು, ಕೀ ಕಾಗದ ಇಡಲು ಅದೇ ಜಾಗ!

ಮನೆಯಲ್ಲಿ ಹಿತ್ತಾಳೆ ಕರಗಿಸುವ ಯೋಚನೆ ಮಾತ್ರ ಬೇಡ. ಹಿತ್ತಾಳೆ ಕರಗುವುದು 900 ಡಿಗ್ರಿ ದಾಟಿದ ಮೇಲೆ, ಅದರೊಳಗಿನ ಸತು ಕುದಿಯುವುದು 907ಕ್ಕೆ. ಅಂದರೆ ಮೂಸೆಯಿಂದ ಬಿಳಿ ಹೊಗೆ ಏಳುತ್ತದೆ, ಅದನ್ನು ಕುಡಿದರೆ ಸಂಜೆಗೆ ಚಳಿ ಜ್ವರ. ಕಾನೂನಿನ ಕಡೆಯಿಂದಲೂ ಎರಡು ಮಾತು: 2011ರ ನಾಣ್ಯ ಕಾಯ್ದೆಯ ಪ್ರಕಾರ ಹಣದಂತೆ ಚಲಾಯಿಸಲು ಲೋಹದ ತುಂಡು ಮಾಡುವ ಹಾಗಿಲ್ಲ, ಚಲಾವಣೆಯ ನಾಣ್ಯ ಕರಗಿಸುವ ಹಾಗೂ ಇಲ್ಲ. ನಿಮ್ಮದು ನೆನಪಿನ ಬಿಲ್ಲೆ ಆಗಿರಲಿ, ರೂಪಾಯಿ ಚಿಹ್ನೆ, ಸಿಂಹ ಲಾಂಛನ ಅದರ ಮೇಲೆ ಬೇಡ.

ಅಭ್ಯಾಸಕ್ಕೆ ಟೆಸ್ಟ್‌ನೆಟ್ ಬಳಸಿ, ಅದು ಬಿಟ್‌ಕಾಯಿನ್‌ನದೇ ಪ್ರಯೋಗದ ಲೆಕ್ಕದ ಪುಸ್ತಕ. ಅಲ್ಲಿನ ನಾಣ್ಯಗಳನ್ನು ಪರೀಕ್ಷೆಗೆಂದೇ ಬಿಟ್ಟಿ ಹಂಚುತ್ತಾರೆ. ಇಂಟರ್ನೆಟ್ ತೆಗೆದ ಲ್ಯಾಪ್‌ಟಾಪಿನಲ್ಲಿ ಕೀ ಮಾಡಿ, ಪ್ರಿಂಟರಿಗೂ ಕೊಡದೆ ಕೈಯಲ್ಲೇ ಬರೆಯಿರಿ, ಅಡ್ರೆಸ್‌ನ ಮೊದಲ ಅಕ್ಷರಗಳನ್ನು ಮಾತ್ರ ಬಿಲ್ಲೆಯ ಮೇಲೆ ಕೆತ್ತಿಸಿ. ಸೀಲು ಹಾಕುವ ಮೊದಲು ಕೀ ಆ ಅಡ್ರೆಸ್‌ದೇ ಹೌದಾ ಅಂತ ಇನ್ನೊಮ್ಮೆ ನೋಡಿ, ಆಮೇಲೆ ಜಮೆ ಮಾಡಿ. ಒಂದು ತಿಂಗಳು ಬಿಟ್ಟು ಸೀಲು ಕಿತ್ತು ತೆಗೆಯಿರಿ. ತೆಗೆಯುವಾಗ ವಾಲೆಟ್‌ನಲ್ಲಿ ಇಂಪೋರ್ಟ್ (ಹಳೆಯ ಕೀಯನ್ನೇ ಸೇರಿಸಿಕೊಳ್ಳುವುದು) ಬದಲು ಸ್ವೀಪ್ ಆರಿಸಿ, ಅದು ಇಡೀ ಜಮೆಯನ್ನು ನಿಮ್ಮ ಹೊಸ ಅಡ್ರೆಸ್‌ಗೆ ದಾಟಿಸುತ್ತದೆ. ಬೆಳಕು ಕಂಡ ಕೀಯನ್ನು ಮತ್ತೆ ಬಳಸಬಾರದು. ಮುಂದೆ ಎಂದಾದರೂ ನಿಜವಾದ ಕಸಾಸಿಯಸ್ ನಾಣ್ಯದ ಮಿನಿ ಕೀ ಸಿಕ್ಕಿ, ವಾಲೆಟ್‌ನಲ್ಲಿ ಜಮೆ ಸೊನ್ನೆ ಅಂತ ಬಂದರೆ ತಲೆ ಮೇಲೆ ಕೈ ಇಟ್ಟುಕೊಳ್ಳಬೇಡಿ. ಆ ಕಾಲದ ಅಡ್ರೆಸ್‌ಗಳನ್ನು ಕುಗ್ಗಿಸದ ಪಬ್ಲಿಕ್ ಕೀಯಿಂದ (ಪ್ರೈವೇಟ್ ಕೀಯಿಂದ ಲೆಕ್ಕ ಹಾಕಿ ತೆಗೆಯುವ, ಗುಟ್ಟಲ್ಲದ ಜೋಡಿ ಕೀ) ಮಾಡುತ್ತಿದ್ದರು, ಈಗಿನ ವಾಲೆಟ್‌ಗಳು ಕುಗ್ಗಿಸಿದ್ದನ್ನು ಹುಡುಕುತ್ತವೆ. ಎಲೆಕ್ಟ್ರಮ್ ಅನ್ನುವ ವಾಲೆಟ್‌ಗೆ ಮಿನಿ ಕೀ ಗೊತ್ತು, ಅದರಲ್ಲಿ ಸ್ವೀಪ್ ಮಾಡಿ ನೋಡಿ.