ಬಿಸಿಯೂಟದ ತಟ್ಟೆಗೆ ಯಾರ ದುಡ್ಡು?

ಶಾಲೆಯ ಬಿಸಿಯೂಟದ ಖರ್ಚು ಯಾರದ್ದು ಅಂತ ಪರೀಕ್ಷೆಯಲ್ಲಿ ಕೇಳಿದಾಗ, ಒಂದು ಮಗುವಿನ ಊಟಕ್ಕೆ ಸರ್ಕಾರ ₹6.78 ಕೊಡುತ್ತದೆ ಅಂತ ಬರೆದರೆ ಉತ್ತರ ಅರ್ಧವೇ ಸರಿ. ಆ ದುಡ್ಡಿನಲ್ಲಿ ಅಕ್ಕಿ ಸೇರಿಲ್ಲ. ಅಡುಗೆಯವರ ಸಂಭಾವನೆಯೂ ಸೇರಿಲ್ಲ.

ಒಂದೊಂದಾಗಿ ನೋಡೋಣ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 6ರಿಂದ 8ರವರಿಗೆ 150 ಗ್ರಾಂ. ಇದರ ಪೂರ್ತಿ ಖರ್ಚು ಕೇಂದ್ರದ್ದು. ಬೇಳೆ, ತರಕಾರಿ, ಎಣ್ಣೆ, ಉಪ್ಪು, ಗ್ಯಾಸು ಇವುಗಳಿಗೆ ಬೇರೆ ದುಡ್ಡು. 2025ರ ಮೇ 1ರಿಂದ ಅದರ ದರ ಚಿಕ್ಕವರಿಗೆ ₹6.78, ದೊಡ್ಡವರಿಗೆ ₹10.17. ಇದನ್ನು ಕೇಂದ್ರ ಮತ್ತು ಕರ್ನಾಟಕ 60:40ರಂತೆ ಹಂಚಿಕೊಳ್ಳುತ್ತವೆ. ಅಂದರೆ ₹6.78ರಲ್ಲಿ ಕೇಂದ್ರದ್ದು ₹4.07, ರಾಜ್ಯದ್ದು ₹2.71. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಈ ಪಾಲು 90:10. ತರಕಾರಿ, ಗ್ಯಾಸಿಗೆ ಅಂತ ಶಾಲೆಗೆ ಬರುವ ದುಡ್ಡನ್ನು ನಮ್ಮ ಶಾಲೆಗಳಲ್ಲಿ ‘ಸಾದಿಲ್ವಾರು’ ಅಂತಾರೆ.

ಈಗ ಲೆಕ್ಕ ಹಾಕಿ. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆ, ಇವತ್ತಿನ ಹಾಜರಾತಿ 20. ಅಕ್ಕಿ 2 ಕೆಜಿ. ತಲೆಗೆ 20 ಗ್ರಾಂನಂತೆ ಬೇಳೆ 400 ಗ್ರಾಂ, 50 ಗ್ರಾಂನಂತೆ ತರಕಾರಿ 1 ಕೆಜಿ, 5 ಗ್ರಾಂನಂತೆ ಎಣ್ಣೆ 100 ಗ್ರಾಂ. ಅಕ್ಕಿ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಸೇರಿ ₹135.60. ನಾಳೆ ಐದು ಮಕ್ಕಳು ಬರಲಿಲ್ಲ ಅಂದರೆ ದುಡ್ಡು ₹101.70ಕ್ಕೆ ಇಳಿಯುತ್ತದೆ. ಆದರೆ ಒಲೆ ಉರಿಯುವ ಹೊತ್ತು ಅಷ್ಟೇನೂ ಕಡಿಮೆ ಆಗಲ್ಲ, ಅಲ್ವಾ? ಟೊಮೆಟೊ ದರ ಏರಿದ ವಾರ ಮೊದಲು ತೆಳ್ಳಗಾಗುವುದು ಇಂಥ ಚಿಕ್ಕ ಶಾಲೆಯ ಸಾಂಬಾರೇ. ತಲೆ ಎಣಿಸಿ ದುಡ್ಡು ಕೊಡುವ ಪದ್ಧತಿಯ ದೊಡ್ಡ ಕೊರತೆ ಇದೇ ಅಂತ ನನಗನಿಸುತ್ತದೆ.

ಹಿನ್ನೆಲೆ ಚಿಕ್ಕದಾಗಿ: ಕೇಂದ್ರದ ಯೋಜನೆ ಶುರುವಾದದ್ದು 1995ರ ಆಗಸ್ಟ್ 15ರಂದು. ಆಗ ಎಷ್ಟೋ ರಾಜ್ಯಗಳು ಊಟದ ಬದಲು ಕಾಳು ಅಳೆದು ಕೊಡುತ್ತಿದ್ದವು. ಬೇಯಿಸಿದ ಊಟವನ್ನೇ ಕೊಡಿ ಅಂತ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕ 2002ರಲ್ಲಿ ತನ್ನ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹವನ್ನು ಮೊದಲು ಹಿಂದುಳಿದ ಏಳು ಜಿಲ್ಲೆಗಳಲ್ಲಿ ಶುರು ಮಾಡಿತು: ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಈ ಊಟ ಮಗುವಿನ ಹಕ್ಕು. ಯೋಜನೆಯ ಈಗಿನ ಹೆಸರು ಪಿಎಂ ಪೋಷಣ್.

ಪರೀಕ್ಷೆಯಲ್ಲಿ ಜಾಸ್ತಿ ಜನ ಬಿಟ್ಟುಬಿಡುವ ಅಂಶ ಒಂದಿದೆ. ಕೇಂದ್ರದ ಹಣ 8ನೇ ತರಗತಿಗೆ ನಿಲ್ಲುತ್ತದೆ. 9 ಮತ್ತು 10ನೇ ತರಗತಿಯ ಮಕ್ಕಳಿಗೆ ಬಡಿಸುವುದು ರಾಜ್ಯದ ಸ್ವಂತ ಖರ್ಚಿನಲ್ಲಿ. 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲೂ ರಾಜ್ಯದ್ದೇ. ಮೊಟ್ಟೆಯ ವಿಷಯ ಬೇರೆ: ವಾರದ ಆರು ದಿನಗಳಲ್ಲಿ ಎರಡು ದಿನ ಸರ್ಕಾರದ ದುಡ್ಡು, 2024ರಿಂದ ಉಳಿದ ನಾಲ್ಕು ದಿನ ಅಜೀಂ ಪ್ರೇಮ್‌ಜಿ ಫೌಂಡೇಷನ್‌ನದು.

ಇನ್ನು ಅಡುಗೆ ಮಾಡುವ ಅಕ್ಕಂದಿರು. ಕೇಂದ್ರದ ಲೆಕ್ಕದಲ್ಲಿ ಅವರ ಸಂಭಾವನೆ ತಿಂಗಳಿಗೆ ₹1,000, ಅದೂ ವರ್ಷಕ್ಕೆ ಹತ್ತೇ ತಿಂಗಳು. ಈ ಮೊತ್ತ ನಿಗದಿಯಾದದ್ದು 2009ರಲ್ಲಿ. ಸಾಮಗ್ರಿಯ ದರ ಆಮೇಲೆ ಎಷ್ಟೋ ಸಲ ಏರಿತು, ಇದು ಏರಲೇ ಇಲ್ಲ. ನಮ್ಮಲ್ಲಿ ಅವರ ಕೈಗೆ ಅದಕ್ಕಿಂತ ಜಾಸ್ತಿ ಸಿಗುತ್ತಿರುವುದು ರಾಜ್ಯ ತನ್ನ ಬೊಕ್ಕಸದಿಂದ ಸೇರಿಸುವುದರಿಂದ.