ಜಿಂಕೆ ಮುಟ್ಟದ ಗಿಡಗಳ ಆಯ್ಕೆ: ಪಟ್ಟಿಗಿಂತ ಮೊದಲು ಕಾರಣ

ಜಿಂಕೆ ತಿನ್ನದ ಗಿಡಗಳ ಪಟ್ಟಿ ಹುಡುಕಿದರೆ ಹತ್ತಾರು ಸಿಗುತ್ತವೆ. ಒಂದರಲ್ಲಿ ಮೇಲಿರುವ ಗಿಡ ಇನ್ನೊಂದರಲ್ಲಿ ಕೆಳಗಿರುತ್ತದೆ. ಹಾಗೆಂದು ಪಟ್ಟಿ ಮಾಡಿದವರನ್ನು ದೂರಬೇಕಿಲ್ಲ. ಜಿಂಕೆ ಒಂದು ಗಿಡವನ್ನು ತಿನ್ನುವುದೋ ಬಿಡುವುದೋ ಎನ್ನುವುದನ್ನು ಆ ಗಿಡದ ಗುಣದ ಜೊತೆಗೆ ಜಿಂಕೆಯ ಹಸಿವು, ಋತು, ಸುತ್ತಮುತ್ತ ಸಿಗುವ ಬೇರೆ ಮೇವು ಎಲ್ಲ ಸೇರಿ ನಿರ್ಧರಿಸುತ್ತವೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಪಟ್ಟಿ ಗಿಡಗಳನ್ನು ನಾಲ್ಕು ದರ್ಜೆಗಳಲ್ಲಿ ಇಡುತ್ತದೆ: ವಿರಳವಾಗಿ ಹಾನಿ, ತೀವ್ರ ಹಾನಿ ಅಪರೂಪ, ಆಗಾಗ ತೀವ್ರ ಹಾನಿ, ಪದೇ ಪದೇ ತೀವ್ರ ಹಾನಿ. ‘ಎಂದೂ ಹಾನಿಯಿಲ್ಲ’ ಎಂಬ ದರ್ಜೆ ಅದರಲ್ಲಿಲ್ಲ. ಆದ್ದರಿಂದ ಪಟ್ಟಿಯನ್ನು ಬಾಯಿಪಾಠ ಮಾಡುವ ಬದಲು, ಈ ಗಿಡವನ್ನು ಜಿಂಕೆ ಯಾಕೆ ಬಿಡುತ್ತದೆ, ಆ ಕಾರಣ ಯಾವಾಗ ಕೈಕೊಡುತ್ತದೆ ಎಂದು ಕೇಳಿಕೊಂಡು ಕಲಿಯುವುದು ಒಳ್ಳೆಯದು.

ತಿಂದವರು ಯಾರೆಂದು ಮೊದಲು ತಿಳಿಯಿರಿ

ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲು ಇಲ್ಲ, ಗಟ್ಟಿ ದಿಂಡು ಮಾತ್ರ ಇದೆ. ಎಲೆಯನ್ನು ಕೆಳಹಲ್ಲು ಮತ್ತು ದಿಂಡಿನ ನಡುವೆ ಹಿಡಿದು ಎಳೆಯುತ್ತದೆ. ಹಾಗಾಗಿ ತುಂಡಾದ ಕಾಂಡದ ತುದಿ ಹರಿದು, ನಾರುನಾರಾಗಿರುತ್ತದೆ. ಮೊಲ ಕತ್ತರಿಸಿದ ಕಾಂಡ ಚಾಕುವಿನಲ್ಲಿ ಓರೆಯಾಗಿ ಕೊಯ್ದಷ್ಟು ನುಣುಪು, ಅದೂ ನೆಲದಿಂದ ಸುಮಾರು 60 ಸೆಂ.ಮೀ. ಒಳಗೆ. ಹಾನಿ ಅದಕ್ಕಿಂತ ಮೇಲಿದ್ದು ಅಂಚು ಹರಿದಿದ್ದರೆ ಜಿಂಕೆಯಿರುವ ಸಾಧ್ಯತೆ ಹೆಚ್ಚು. ದೊಡ್ಡ ಜಾತಿಯ ಜಿಂಕೆಗಳು ಸುಮಾರು 1.8 ಮೀಟರ್ ಎತ್ತರದವರೆಗೆ ಬಾಯಿ ಹಾಕುತ್ತವೆ. ಅದಕ್ಕಿಂತ ಮೇಲೆ ಕವಲೊಡೆದ ಮರದ ಎಲೆಗಳ ಬಗ್ಗೆ ಚಿಂತೆ ಬೇಡ, ಕಾಂಡದ ಬಗ್ಗೆ ಬೇಕು.

ಬಿಡುವ ಕಾರಣಗಳು, ಅವು ಸೋಲುವ ಬಗೆ

ವಾಸನೆ. ರೋಸ್‌ಮೆರಿ, ಲ್ಯಾವೆಂಡರ್, ಪುದೀನ, ಸೇಜ್, ಥೈಮ್, ಮಜ್ಜಿಗೆಹುಲ್ಲು ಇವುಗಳ ಎಲೆಯಲ್ಲಿ ಆವಿಯಾಗುವ ಎಣ್ಣೆಗಳಿವೆ. ಮೂಗಿನಿಂದಲೇ ಮೇವು ಆರಿಸುವ ಪ್ರಾಣಿಗೆ ಇವು ಹಿಡಿಸುವುದಿಲ್ಲ. ಮನೆಯಂಗಳಕ್ಕೆ ನಾನು ಮೊದಲು ಸೂಚಿಸುವ ಗುಂಪು ಇದೇ, ಏಕೆಂದರೆ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಅಪಾಯ ಕಡಿಮೆ. ಆದರೆ ಎಣ್ಣೆ ಚೆನ್ನಾಗಿ ಕೂಡಬೇಕಾದರೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ರೋಸ್‌ಮೆರಿ, ಲ್ಯಾವೆಂಡರ್‌ಗಳಿಗೆ ನೀರು ಬಸಿದುಹೋಗುವ ಮಣ್ಣೂ ಬೇಕು. ನೆರಳಲ್ಲಿ, ಗೊಬ್ಬರ ಸುರಿದ ಮಣ್ಣಲ್ಲಿ ಬೆಳೆದ ರೋಸ್‌ಮೆರಿ ಮೆತ್ತಗೆ, ನೀಳವಾಗಿ ಬೆಳೆಯುತ್ತದೆ, ವಾಸನೆಯೂ ಮಂದ. ಪುದೀನವನ್ನು ನೆಲಕ್ಕೆ ಬಿಟ್ಟರೆ ಬೇರಿನಿಂದ ಹರಡಿ ಎಲ್ಲವನ್ನೂ ನುಂಗುತ್ತದೆ, ಕುಂಡದಲ್ಲೇ ಇರಲಿ.

ವಿಷ. ಕಣಗಿಲೆ ಮತ್ತು ಫಾಕ್ಸ್‌ಗ್ಲೋವ್‌ನಲ್ಲಿ ಹೃದಯದ ಬಡಿತ ಕೆಡಿಸುವ ಗ್ಲೈಕೋಸೈಡ್‌ಗಳು, ಡ್ಯಾಫೊಡಿಲ್ ಗಡ್ಡೆಯಲ್ಲಿ ಲೈಕೋರಿನ್, ಯುಫೋರ್ಬಿಯಾ ಜಾತಿಗಳಲ್ಲಿ ಸುಡುವ ಬಿಳಿ ಹಾಲು. ಜಿಂಕೆಗಳ ಮಟ್ಟಿಗೆ ಇದು ಬಲವಾದ ರಕ್ಷಣೆಗಳಲ್ಲೊಂದು. ಟುಲಿಪ್ ಎಲೆ ಮತ್ತು ಮೊಗ್ಗನ್ನು ಮುಗಿಸಿಬಿಡುವ ಕಡೆಯಲ್ಲೂ ಡ್ಯಾಫೊಡಿಲ್ ಉಳಿಯುತ್ತದೆ. ತೊಡಕು ಮನೆಯವರಿಗೆ. ಕಣಗಿಲೆಯ ಎಲ್ಲ ಭಾಗವೂ ವಿಷ, ಸವರಿದ ಕೊಂಬೆ ಸುಟ್ಟರೆ ಹೊಗೆಯೂ ಅಪಾಯ. ಯುಫೋರ್ಬಿಯಾ ಕತ್ತರಿಸುವಾಗ ಕೈಗವಸು, ಕನ್ನಡಕ ಬೇಕೇ ಬೇಕು, ಹಾಲು ಕಣ್ಣಿಗೆ ಬಿದ್ದರೆ ತೀವ್ರ ಉರಿ. ನಡೆಯಲು ಕಲಿಯುತ್ತಿರುವ ಮಗುವಿರುವ ಮನೆಗೆ ಈ ಗುಂಪು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಎಚ್ಚರ: ನಮಗೆ ವಿಷವಾದದ್ದು ಜಿಂಕೆಗೂ ವಿಷವಾಗಬೇಕೆಂದಿಲ್ಲ. ಯೂ ಮರದ ಎಲೆ ಕುದುರೆ, ದನಗಳನ್ನು ಕೊಲ್ಲುತ್ತದೆ. ಜಿಂಕೆಗಳು ಅದನ್ನು ಹುಡುಕಿಕೊಂಡು ಬಂದು ತಿನ್ನುತ್ತವೆ.

ಒಗರನ್ನು ನಂಬಬೇಡಿ. ಎಲೆಯಲ್ಲಿ ಒಗರು ಕೊಡುವ ಟ್ಯಾನಿನ್ ಹೆಚ್ಚಿದ್ದರೆ ಜಿಂಕೆ ಬಿಡುತ್ತದೆ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಜಿಂಕೆಯ ಜೊಲ್ಲಿನಲ್ಲಿ ಟ್ಯಾನಿನ್‌ಗೆ ಅಂಟಿಕೊಂಡು ಅದರ ಪ್ರಭಾವ ತಗ್ಗಿಸುವ ಪ್ರೋಟೀನುಗಳಿವೆ. ಎಲೆ, ಚಿಗುರು ತಿಂದು ಬದುಕುವ ಪ್ರಾಣಿಗೆ ಅದು ಬೇಕಾದ ಸಲಕರಣೆಯೇ.

ರೋಮ ಮತ್ತು ನಾರು. ಲ್ಯಾಂಬ್ಸ್ ಇಯರ್‌ನಂತಹ ಉಣ್ಣೆಯೆಲೆಯ ಗಿಡ, ಜರಿಗಿಡ, ಗಡುಸಾದ ಅಲಂಕಾರಿಕ ಹುಲ್ಲುಗಳು ಬಾಯಿಗೆ ಹಿತವಲ್ಲ, ಪೋಷಕಾಂಶವೂ ಕಡಿಮೆ. ಹುಲ್ಲನ್ನು ನೆಲಮಟ್ಟಕ್ಕೆ ಸವರಿದ ಮೇಲೆ ಬರುವ ಎಳೆ ಚಿಗುರಿಗೆ ಈ ರಕ್ಷಣೆ ಇರುವುದಿಲ್ಲ. ಸವರಿದ ನಂತರ ಒಂದೆರಡು ವಾರ ಬಲೆ ಹೊದಿಸಿಡಿ.

ಮುಳ್ಳು. ಹೊಸಬರು ಹೆಚ್ಚು ಮೋಸಹೋಗುವುದು ಇಲ್ಲೇ. ಗುಲಾಬಿಗೆ ಮುಳ್ಳಿದ್ದರೂ ಅದು ಜಿಂಕೆಯ ಮೆಚ್ಚಿನ ತಿಂಡಿ. ಚಿಗುರಿನ ಮುಳ್ಳು ಇನ್ನೂ ಮೆತ್ತಗಿರುತ್ತದೆ, ಮೊಗ್ಗಿನ ಮೇಲೆ ಮುಳ್ಳೇ ಇಲ್ಲ, ಜಿಂಕೆಯ ಕಿರಿದಾದ ಮೂತಿ ಮುಳ್ಳುಗಳ ನಡುವೆ ಸಲೀಸಾಗಿ ನುಗ್ಗುತ್ತದೆ. ಎಲೆಯೇ ಗಡುಸಾಗಿದ್ದು ಅಂಚಿನಲ್ಲಿ ಮುಳ್ಳಿರುವ ಭೂತಾಳೆ, ಒತ್ತಾಗಿ ಮುಳ್ಳಿರುವ ಬಾರ್ಬೆರಿ ಮಾತ್ರ ನಿಜಕ್ಕೂ ತಡೆಯುತ್ತವೆ.

ಮೆಚ್ಚಿನ ಗಿಡಗಳನ್ನೂ ಗುರುತಿಟ್ಟುಕೊಳ್ಳಿ: ಗುಲಾಬಿ, ದಾಸವಾಳ, ಹೋಸ್ಟಾ, ಟುಲಿಪ್, ಡೇ ಲಿಲಿ, ಪ್ಯಾನ್ಸಿ, ತೂಜಾ. ಇದರಲ್ಲಿ ತೂಜಾ ಬೇಲಿ ಅತಿ ದೊಡ್ಡ ನಷ್ಟ ತರುವಂಥದು. ದಾಸವಾಳವನ್ನು ತಿಂದರೂ ಹಳೆ ಕಾಂಡದಿಂದ ಚಿಗುರುತ್ತದೆ. ತೂಜಾದ ಬರಿದಾದ ಹಳೆ ಕೊಂಬೆಯಿಂದ ಹೊಸ ಚಿಗುರು ಬರುವುದಿಲ್ಲ, ಕೆಳಭಾಗ ಶಾಶ್ವತವಾಗಿ ಬೋಳು. ಗಿಡ ಆರಿಸುವಾಗ ‘ತಿನ್ನುತ್ತದೆಯೇ’ ಎಂಬುದರ ಜೊತೆಗೆ ‘ತಿಂದರೆ ಮತ್ತೆ ಬರುತ್ತದೆಯೇ’ ಎಂದೂ ಕೇಳಬೇಕಾದದ್ದು ಇದಕ್ಕೇ. ಲಂಟಾನವನ್ನು ಹಲವು ಪಟ್ಟಿಗಳು ಹೊಗಳುತ್ತವೆ. ಜಿಂಕೆ ಬಿಡುತ್ತದೆ, ನಿಜ. ಆದರೆ ಅನೇಕ ದೇಶಗಳಲ್ಲಿ ಅದು ಕಾಡು ನುಂಗುತ್ತಿರುವ ಕಳೆ. ಕಾಡಂಚಿನ ಮನೆಗೆ ಖಂಡಿತ ಬೇಡ.

ನರ್ಸರಿ ಗಿಡದ ಸಮಸ್ಯೆ

‘ಪಟ್ಟಿ ನೋಡಿಯೇ ತಂದೆವು, ಮೂರನೇ ದಿನ ತಿಂದುಹಾಕಿತು’ ಎಂಬ ದೂರಿಗೆ ಸಾಮಾನ್ಯ ಕಾರಣ ಇದು. ನರ್ಸರಿಯಲ್ಲಿ ನೀರು, ಸಾರಜನಕ ಧಾರಾಳವಾಗಿ ಉಂಡ ಗಿಡದ ಎಲೆ ಮೆತ್ತಗೆ, ರಸಭರಿತವಾಗಿರುತ್ತದೆ. ಜೊತೆಗೆ, ಮರಿ ಜಿಂಕೆಗಳು ಹೊಸದಾಗಿ ಕಂಡದ್ದನ್ನು ರುಚಿ ನೋಡಿಯೇ ಕಲಿಯುತ್ತವೆ. ರುಚಿ ನೋಡಲೆಂದು ಎಳೆದಾಗ ಬೇರೂರದ ಗಿಡ ಬುಡಸಮೇತ ಕಿತ್ತುಬರುತ್ತದೆ, ಅದನ್ನು ಉಗಿದು ಹೋದರೂ ಗಿಡ ಸತ್ತಂತೆಯೇ.

ಆದ್ದರಿಂದ ಪ್ರತಿರೋಧವುಳ್ಳ ಗಿಡಕ್ಕೂ ಮೊದಲ ವರ್ಷ ಕಾವಲು ಬೇಕು. ಬೆಸುಗೆ ಹಾಕಿದ ತಂತಿಜಾಲರಿಯನ್ನು 1.2 ರಿಂದ 1.5 ಮೀಟರ್ ಎತ್ತರಕ್ಕೆ ಸುತ್ತು ಕಟ್ಟಿ, ಎರಡು ಗೂಟಕ್ಕೆ ಬಿಗಿಯಿರಿ. ಎಲೆಗೂ ಜಾಲರಿಗೂ ನಡುವೆ ಗೇಣಷ್ಟು ಅಂತರವಿಡಿ, ಇಲ್ಲದಿದ್ದರೆ ತೂರಿ ಬಂದ ಚಿಗುರನ್ನು ಹೊರಗಿನಿಂದಲೇ ಮೇಯುತ್ತವೆ. ನೆಟ್ಟ ಮೇಲೆ ಸಾರಜನಕದ ಗೊಬ್ಬರವನ್ನು ಹಿಡಿತದಲ್ಲಿಡಿ. ಒಂದೇ ಸಲ ಐವತ್ತು ಗಿಡ ತರುವ ಮುನ್ನ ಒಂದೊಂದು ಜಾತಿಯ ಎರಡೆರಡು ಗಿಡವನ್ನು ಕುಂಡದಲ್ಲೇ ಜಿಂಕೆ ಓಡಾಡುವ ದಾರಿಯಲ್ಲಿ ಎರಡು ಮೂರು ವಾರ ಇಟ್ಟು ನೋಡಿ. ಈ ಪರೀಕ್ಷೆಯನ್ನು ಮೇವು ಕಡಿಮೆಯಾದ ಕಾಲದಲ್ಲಿ ಮಾಡಬೇಕು, ಹಸಿರು ತುಂಬಿದ ದಿನಗಳಲ್ಲಿ ಎಲ್ಲ ಗಿಡವೂ ಪಾಸಾಗುತ್ತದೆ.

ಎಲ್ಲಿ ಯಾವುದು

ಜಿಂಕೆ ಒಳಬರುವ ಅಂಚಿನಲ್ಲಿ ಬಲವಾದ ಗಿಡಗಳನ್ನು ದಟ್ಟವಾಗಿ ನೆಡಿ: ರೋಸ್‌ಮೆರಿ ಮತ್ತು ಮಜ್ಜಿಗೆಹುಲ್ಲು 60–90 ಸೆಂ.ಮೀ. ಅಂತರದಲ್ಲಿ, ಲ್ಯಾವೆಂಡರ್ 45–60, ಲ್ಯಾಂಬ್ಸ್ ಇಯರ್ 30–45. ಸುತ್ತ ವಾಸನೆ ಗಿಡ ನೆಟ್ಟರೆ ನಡುವಿನ ಗುಲಾಬಿ ಉಳಿಯುತ್ತದೆ ಎಂಬುದನ್ನು ಪೂರ್ತಿ ನೆಚ್ಚಬೇಡಿ. ಸ್ವಲ್ಪ ತಡವಾಗಬಹುದು, ಅಷ್ಟೇ. ಗುಲಾಬಿ ಬೇಕೇ ಬೇಕೆಂದರೆ ಮನೆಗೆ ಅಂಟಿದ ಸಣ್ಣ ಜಾಗವನ್ನು ಬೇಲಿಯೊಳಗೆ ತನ್ನಿ. ಬಯಲಲ್ಲಿ ಜಿಂಕೆ ಹಾರದಂತೆ ತಡೆಯಲು 2.4 ಮೀಟರ್ ಬೇಲಿ ಬೇಕಾಗುತ್ತದೆ. ಇಳಿಯಲು ಜಾಗ ಸಾಲದ ಇಕ್ಕಟ್ಟಾದ ಆವರಣಕ್ಕೆ ಅವು ಹಾರಲು ಹಿಂಜರಿಯುವುದರಿಂದ ಅಲ್ಲಿ ಇನ್ನಷ್ಟು ಗಿಡ್ಡ ಬೇಲಿಯೂ ಸಾಕಾಗಬಹುದು.

ಸಿಂಪಡಣೆ

ಮೊಟ್ಟೆಯ ದ್ರಾವಣ ಹಳೆಯ, ಕೆಲಸ ಮಾಡುವ ಉಪಾಯ. ಒಂದು ಪಾಲು ಒಡೆದ ಮೊಟ್ಟೆಗೆ ನಾಲ್ಕು ಪಾಲು ನೀರು. ಕಡೆಯುವ ಮೊದಲು ಬಿಳಿಯ ಭಾಗದಲ್ಲಿರುವ ದಾರದಂಥ ಎಳೆಯನ್ನು ತೆಗೆದುಹಾಕಿ, ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಸ್ಪ್ರೇಯರ್‌ನ ಮೂತಿ ಕಟ್ಟುತ್ತದೆ. ಸುಮಾರು 30 ದಿನಕ್ಕೊಮ್ಮೆ, ಜೋರು ಮಳೆಯಾದರೆ ಮರುದಿನವೇ ಮತ್ತೆ ಹೊಡೆಯಿರಿ. ಸಿಂಪಡಣೆಯ ನಂತರ ಬಂದ ಚಿಗುರಿಗೆ ಅದು ತಾಗಿರುವುದಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಜಿಂಕೆಗೆ ರುಚಿ ಹತ್ತುವ ಮುನ್ನ ಶುರುಮಾಡಿದರೆ ಫಲ ಹೆಚ್ಚು. ನೀವು ತಿನ್ನುವ ಸೊಪ್ಪು, ತರಕಾರಿಗೆ ಇದನ್ನು ಹೊಡೆಯಬೇಡಿ.

ಕೊಂಬಿನ ಉಜ್ಜಾಟ

ಗಂಡು ಜಿಂಕೆ ಕೊಂಬಿನ ಮೇಲಿನ ತೊಗಲು ಕಳಚಲು, ತನ್ನ ಗುರುತು ಬಿಡಲು ಎಳೆ ಮರಗಳಿಗೆ ಕೊಂಬು ಉಜ್ಜುತ್ತದೆ. ಇದಕ್ಕೂ ರುಚಿಗೂ ಸಂಬಂಧವಿಲ್ಲದ್ದರಿಂದ ಯಾವ ಪಟ್ಟಿಯ ಗಿಡವೂ ಇಲ್ಲಿ ಪಾರಾಗದು. 2.5 ರಿಂದ 10 ಸೆಂ.ಮೀ. ದಪ್ಪದ, ನಯವಾದ ತೊಗಟೆಯ ಕಾಂಡಕ್ಕೆ ಅಪಾಯ ಹೆಚ್ಚು. ತೊಗಟೆ ಸುತ್ತಲೂ ಸುಲಿದುಹೋದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯದೆ ಮರ ಸಾಯುತ್ತದೆ. ಬುಡದಿಂದ 1.5 ಮೀಟರ್ ಎತ್ತರದವರೆಗೆ ಜಾಲರಿ ಸುತ್ತಿ. ಕಾಂಡಕ್ಕೂ ಜಾಲರಿಗೂ 5–8 ಸೆಂ.ಮೀ. ಜಾಗವಿರಲಿ. ವರ್ಷಕ್ಕೊಮ್ಮೆ ಸಡಿಲಿಸದಿದ್ದರೆ ಕಾಂಡ ದಪ್ಪವಾದಂತೆ ತಂತಿಯೇ ತೊಗಟೆಯನ್ನು ಕೊರೆಯುತ್ತದೆ.